ಮುಯ್ಯಿಯ ಭಾರವಿಲ್ಲದ ಉಡುಗೊರೆ

ಜಪಾನಿನಿಂದ ಬಂದವರು ನಮ್ಮ ಮನೆಯಲ್ಲಿಯೇ ಕೆಲವು ದಿನ ತಂಗಿ, ನಮ್ಮ ಪಂಕ್ತಿಯಲ್ಲಿ ಉಂಡು, ಮರಳಿ ಹೊರಟು ನಿಂತಾಗ ಅವರ ಕೈಯಲ್ಲಿ ಏನನ್ನು ಇಡಬೇಕು? ಬಿಡದಿಯ ಕಾರು ಕಾರ್ಖಾನೆಗೆ ಬರುವವರು, ಮೈಸೂರಿಗೆ ಯೋಗ ಕಲಿಯಲು ಬರುವವರು, ವಿದ್ಯಾರ್ಥಿ ವಿನಿಮಯದಲ್ಲಿ ಬರುವ ತರುಣ ತರುಣಿಯರು, ಹೀಗೆ ಜಪಾನೀಯರು ಕನ್ನಡ ನಾಡಿನ ಮನೆಗಳಿಗೆ ಅತಿಥಿಗಳಾಗಿ ಬರುವುದು ಈಗ ಅಪರೂಪದ ಸಂಗತಿಯಾಗಿ ಉಳಿದಿಲ್ಲ. ಪ್ರಶ್ನೆ ಚಿಕ್ಕದಾಗಿ ಕಂಡರೂ ಅದಕ್ಕೆ ನಾವು ಕೊಡುತ್ತಿರುವ ಉತ್ತರ ಬಹುಮಟ್ಟಿಗೆ ಅವಿಚಾರದ್ದು ಎಂಬುದು ನನ್ನ ಅಭಿಮತ. ಮೊಳದುದ್ದದ ಹಿತ್ತಾಳೆಯ ದೀಪ, ಗಾಜಿನ ಪೆಟ್ಟಿಗೆಯೊಳಗಿನ ಆನೆ, ಜರಿಯ ಪೇಟ, ಶಾಲು, ಹಾರ, ಹೆಸರು ಕೊರೆದ ನೆನಪಿನ ಫಲಕ: ಸಭೆಯಲ್ಲಿ ಸನ್ಮಾನಕ್ಕೆ ಬಳಸುವುದನ್ನೆಲ್ಲ ಮನೆಯ ಅತಿಥಿಗೂ ಹೊರಿಸುತ್ತಿದ್ದೇವೆ. ಕೊಟ್ಟವರ ಔದಾರ್ಯವನ್ನು ಈ ವಸ್ತುಗಳು ಸಾರಬಹುದು. ಪಡೆದವರ ಪಾಡನ್ನು ಅಲ್ಲಿ ಯಾರೂ ಕೇಳಿರುವುದಿಲ್ಲ.

ಕನ್ನಡದಲ್ಲಿ ‘ಮುಯ್ಯಿ’ ಎಂಬ ಅರ್ಥಪೂರ್ಣವಾದ ಮಾತಿದೆ. ಮದುವೆ ಮುಂಜಿಗಳಲ್ಲಿ ಕೊಡುವ ಕಾಣಿಕೆಯೂ ಮುಯ್ಯಿಯೇ, ಪಡೆದದ್ದಕ್ಕೆ ಪ್ರತಿಯಾಗಿ ಸಲ್ಲಿಸುವುದೂ ಮುಯ್ಯಿಯೇ, ಕಡೆಗೆ ಸೇಡು ತೀರಿಸಿಕೊಳ್ಳುವುದೂ ಮುಯ್ಯಿಯೇ. ಯಾರು ಎಷ್ಟು ಮುಯ್ಯಿ ಹಾಕಿದರೆಂದು ಪುಸ್ತಕದಲ್ಲಿ ಬರೆದಿಟ್ಟು, ಅವರ ಮನೆಯ ಶುಭಕಾರ್ಯದಲ್ಲಿ ಅಷ್ಟನ್ನೋ ಅದಕ್ಕಿಂತ ತುಸು ಹೆಚ್ಚನ್ನೋ ಹಿಂದಿರುಗಿಸುವ ರೂಢಿ ಹಳ್ಳಿಗಳಲ್ಲಿ ಇಂದಿಗೂ ಇದೆ. ಕೊಡುವುದೆಲ್ಲ ಪಡೆದವನ ಮೇಲೆ ಒಂದು ಹೊರೆಯನ್ನು ಇಟ್ಟೇ ಹೋಗುತ್ತದೆಂಬ ಅರಿವು ಈ ಒಂದು ಪದದಲ್ಲಿ ಅಡಗಿದೆ. ಜಪಾನೀಯರ ಕಾಣಿಕೆಯ ವ್ಯವಹಾರವನ್ನು ತಿಳಿಯಲು ಇದಕ್ಕಿಂತ ಉತ್ತಮ ಕೀಲಿಕೈ ನಮಗೆ ಬೇಕಿಲ್ಲ.

ಅವರ ಭಾಷೆಯಲ್ಲಿ ಇದಕ್ಕೆ ‘ಒಕಾಯೆಶಿ’ ಎಂದು ಹೆಸರು, ಹಿಂದಿರುಗಿಸುವುದು ಎಂದರ್ಥ. ಬಂದ ಕಾಣಿಕೆಯ ಬೆಲೆಯ ಸುಮಾರು ಅರ್ಧದಷ್ಟನ್ನು ಮರಳಿ ಕೊಡುವುದು ಅಲ್ಲಿ ಹಲವು ಸಂದರ್ಭಗಳಲ್ಲಿ ಮರ್ಯಾದೆಯೆನಿಸಿದೆ. ಆದ್ದರಿಂದ ಬೆಲೆಬಾಳುವ ವಸ್ತುವನ್ನು ಪಡೆದ ಜಪಾನೀ ಅತಿಥಿಗೆ ಆ ಕ್ಷಣದಿಂದಲೇ ಲೆಕ್ಕ ಶುರುವಾಗುತ್ತದೆ. ಇಪ್ಪತ್ತರ ಹರೆಯದ ವಿದ್ಯಾರ್ಥಿನಿಗೆ ನಾವು ಬೆಳ್ಳಿಯ ಕುಂಕುಮದ ಭರಣಿಯನ್ನು ಕೊಟ್ಟೆವೆನ್ನಿ. ಆಕೆ ತಲೆಬಾಗಿ, ಎರಡೂ ಕೈಗಳಲ್ಲಿ ಅದನ್ನು ಸ್ವೀಕರಿಸಿಯಾಳು. ಆದರೆ ಊರಿಗೆ ಹೋದ ಮೇಲೆ ತನ್ನ ತಾಯಿಯೊಡನೆ ಕುಳಿತು, ಇದಕ್ಕೆ ತಕ್ಕುದಾಗಿ ಭಾರತಕ್ಕೆ ಏನನ್ನು ಕಳುಹಿಸೋಣವೆಂದು ಯೋಚಿಸಬೇಕಾಗುತ್ತದೆ. ನಮ್ಮ ಪ್ರೀತಿ ಅವರ ಮನೆಯಲ್ಲಿ ತೀರಿಸಬೇಕಾದ ಬಾಕಿಯಾಗಿ ಕುಳಿತುಕೊಳ್ಳುತ್ತದೆ. ಇದರ ಜೊತೆಗೆ ಟೋಕಿಯೋದಂಥ ನಗರದ ಮನೆಗಳು ಎಷ್ಟು ಇಕ್ಕಟ್ಟಿನವು ಎಂಬುದನ್ನೂ ನೆನೆಯಬೇಕು. ಮೊಳದುದ್ದದ ದೀಪವನ್ನು ಇಡಲು ಅಲ್ಲಿ ಜಾಗವಿಲ್ಲ. ಎಸೆಯಲು ಮನಸ್ಸೂ ಬಾರದು.

ಊರಿಂದ ಊರಿಗೆ ಹೋದವರು ತರುವ ಕಾಣಿಕೆಗೆ ಜಪಾನೀ ಭಾಷೆಯಲ್ಲಿ ‘ಒಮಿಯಾಗೆ’ ಎನ್ನುತ್ತಾರೆ. ಅದನ್ನು ಬರೆಯುವ ಎರಡು ಚಿತ್ರಾಕ್ಷರಗಳ ಅರ್ಥ ನೆಲ ಮತ್ತು ಉತ್ಪನ್ನ. ಎಂದರೆ ನೆಲದ ಬೆಳೆ. ಎದೋ ಕಾಲದಲ್ಲಿ ಹಳ್ಳಿಯವರು ಸಂಘ ಕಟ್ಟಿಕೊಂಡು, ಚಂದಾ ಎತ್ತಿ, ತಮ್ಮ ಪರವಾಗಿ ಕೆಲವರನ್ನು ಇಸೆ ಕ್ಷೇತ್ರದ ಯಾತ್ರೆಗೆ ಕಳುಹಿಸುತ್ತಿದ್ದರು. ಹೋದವರು ಹೋಗಲಾಗದವರಿಗಾಗಿ ಕ್ಷೇತ್ರದ ಏನಾದರೊಂದು ಕುರುಹನ್ನು ತರುತ್ತಿದ್ದರು. ತಿರುಪತಿಯಿಂದಲೋ ಧರ್ಮಸ್ಥಳದಿಂದಲೋ ಬಂದವರು ಬೀದಿಯ ಮನೆಮನೆಗೂ ಪ್ರಸಾದ ಹಂಚುವುದನ್ನು ಕಂಡ ನಮಗೆ ಇದು ಹೊಸದಲ್ಲ. ಒಮಿಯಾಗೆ ಎನಿಸಿಕೊಳ್ಳಲು ವಸ್ತುವಿಗೆ ಬೆಲೆ ಬೇಕಿಲ್ಲ. ಅದು ಆ ನೆಲದ್ದಾಗಿರಬೇಕು, ಹಲವರಿಗೆ ಹಂಚಲು ಬರಬೇಕು. ನಮ್ಮ ಅತಿಥಿಯೂ ಮರಳಿದ ಮೇಲೆ ತನ್ನ ಕಚೇರಿಯಲ್ಲಿ, ತರಗತಿಯಲ್ಲಿ ಹೀಗೆ ಹಂಚಬೇಕಾದವರೇ. ಅದಕ್ಕೆ ನೆರವಾಗುವ ಉಡುಗೊರೆಯೇ ನಿಜವಾದ ಉಪಕಾರ.

ಈ ದೃಷ್ಟಿಯಿಂದ ನೋಡಿದರೆ ಕನ್ನಡ ನಾಡಿನಷ್ಟು ಅನುಕೂಲ ಬೇರೆಡೆ ದೊರೆಯುವುದು ಕಷ್ಟ. ಮೊದಲಿಗೆ ಶ್ರೀಗಂಧ. ಜಪಾನಿನಲ್ಲಿ ಗಂಧವನ್ನು ‘ಬ್ಯಾಕುದಾನ್’ ಎನ್ನುತ್ತಾರೆ. ಅದರಲ್ಲಿ ಅತ್ಯುತ್ತಮವಾದ, ಮೈಸೂರು ಸೀಮೆಯ ಗಂಧಕ್ಕೆ ಅಲ್ಲಿನ ಧೂಪದ ವರ್ತಕರು ‘ರೋಸಾನ್ ಬ್ಯಾಕುದಾನ್’, ಹಳೆಯ ಬೆಟ್ಟದ ಗಂಧ, ಎಂಬ ಬೇರೆಯದೇ ಹೆಸರನ್ನು ಇಟ್ಟುಕೊಂಡಿದ್ದಾರೆ. ಈ ನಂಟು ಹಳೆಯದು. ಹೋರ್ಯೂಜಿ ವಿಹಾರದ ಭಂಡಾರದಲ್ಲಿದ್ದು ಈಗ ಟೋಕಿಯೋ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಸೇರಿರುವ ಎರಡು ಗಂಧದ ಕೊರಡುಗಳ ಮೇಲೆ ಕೆತ್ತಿದ ಪಹ್ಲವಿ ಬರಹವೂ ಸುಟ್ಟು ಒತ್ತಿದ ಸೊಗ್ದಿಯನ್ ಮುದ್ರೆಯೂ ಇವೆ. ಎಂಟನೆಯ ಶತಮಾನದ ಹೊತ್ತಿಗೇ ಗಂಧ ಎಷ್ಟು ಜನರ ಕೈದಾಟಿ ಆ ದ್ವೀಪವನ್ನು ಮುಟ್ಟಿತ್ತೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಹೀಗಿರುವಾಗ ಒಂದು ಮೈಸೂರು ಸ್ಯಾಂಡಲ್ ಸಾಬೂನನ್ನು ಕೊಡುವುದು ಅಗ್ಗದ ಮಾತೇನೂ ಅಲ್ಲ. ಮೊದಲ ಮಹಾಯುದ್ಧದಿಂದ ಗಂಧದ ಕೊರಡುಗಳು ಯೂರೋಪಿಗೆ ಹೋಗದೆ ಇಲ್ಲಿಯೇ ಉಳಿದಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಸಂಸ್ಥಾನ 1916ರಲ್ಲಿ ಎಣ್ಣೆ ತೆಗೆಯುವ ಕೆಲಸವನ್ನು ತಾನೇ ಕೈಗೊಂಡಿತು. 1918ರ ವೇಳೆಗೆ ಸಾಬೂನು ಬಂದಿತು. ಆಗ ದಿವಾನರಾಗಿದ್ದ ವಿಶ್ವೇಶ್ವರಯ್ಯನವರು 1898ರಷ್ಟು ಹಿಂದೆಯೇ ಜಪಾನಿಗೆ ಹೋಗಿ ಅಲ್ಲಿನ ಕೈಗಾರಿಕೆಯನ್ನು ಕಣ್ಣಾರೆ ಕಂಡು ಬಂದವರು. ಈ ಕಥೆಯನ್ನು ಅರ್ಧ ಪುಟದಲ್ಲಿ ಬರೆದು ಸಾಬೂನಿನೊಡನೆ ಇಟ್ಟರೆ ಸಾಕು. ಪೊಟ್ಟಣದ ಮೇಲಿನ ಆನೆಯ ತಲೆ, ಸಿಂಹದ ಮೈಯ ಶರಭ ಯಾವುದೆಂದು ಅತಿಥಿ ಕೇಳಿಯೇ ಕೇಳುತ್ತಾರೆ. ಗಂಧದ ಹಸಿ ಕೊರಡನ್ನು ಕೊಡುವ ಉತ್ಸಾಹ ಮಾತ್ರ ಬೇಡ. ಅದನ್ನು ದೇಶದಾಚೆಗೆ ಒಯ್ಯುವುದಕ್ಕೆ ಕಾನೂನಿನ ನಿರ್ಬಂಧವಿದೆ. ವಿಮಾನ ನಿಲ್ದಾಣದಲ್ಲಿ ಅಪಮಾನ ಪಡುವವರು ಅವರು, ನಾವಲ್ಲ.

ಚನ್ನಪಟ್ಟಣದ ಗೊಂಬೆಗೂ ಇಂಥದೇ ಹಿನ್ನೆಲೆಯಿದೆ. ಆಲೆಮರವನ್ನು (ಆಲದ ಮರವಲ್ಲ) ಚರಕಿ ಯಂತ್ರದಲ್ಲಿ ತಿರುಗಿಸಿ, ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ, ಉಜ್ಜಿದ ಶಾಖದಿಂದ ಅರಗು ಕರಗಿ ಮರಕ್ಕೆ ಹಿಡಿಯುವಂತೆ ಮಾಡುವ ಕಸುಬು ಅದು. ಅಲ್ಲಿನ ಗೊಂಬೆಗಾರಿಕೆಯ ಪಿತಾಮಹರೆನಿಸಿದ ಬವಾಸ್ ಮಿಯಾನ್ ಅವರು ಜಪಾನೀ ತಂತ್ರವನ್ನು ಅಳವಡಿಸಿಕೊಂಡರೆಂಬ ಮಾತು ಪ್ರಚಲಿತವಾಗಿದೆ. ಇತ್ತ ಜಪಾನಿನ ಈಶಾನ್ಯ ಸೀಮೆಯಲ್ಲಿ ‘ಕೊಕೆಶಿ’ ಎಂಬ, ಕೈಕಾಲಿಲ್ಲದ, ಇದೇ ರೀತಿ ತಿರುಗಣೆಯಲ್ಲಿ ಕಡೆದ ಮರದ ಗೊಂಬೆಗಳಿವೆ. ಎರಡನ್ನೂ ಅಕ್ಕಪಕ್ಕ ಇಟ್ಟರೆ ದಾಯಾದಿಗಳಂತೆ ಕಾಣುತ್ತವೆ. ಅಂಗೈಯಗಲದ ಒಂದು ಗೊಂಬೆ, ಅದನ್ನು ಕಡೆದವರಿಂದಲೇ ಕೊಂಡದ್ದು, ಗಾಜಿನ ಪೆಟ್ಟಿಗೆಯ ಆನೆಗಿಂತ ನೂರು ಪಾಲು ಮೇಲು. ಸಾಧ್ಯವಾದರೆ ಅತಿಥಿಯನ್ನೇ ಚನ್ನಪಟ್ಟಣಕ್ಕೆ ಕರೆದೊಯ್ದು ಅವರಿಂದಲೇ ಆರಿಸಬೇಕು. ಹೆದ್ದಾರಿಯಲ್ಲಿ ಬಿಡದಿಯನ್ನು ದಾಟಿ ಹೋಗುವ ದಾರಿಯೇ ಅದು.

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮಿಗಿಲಾದ ಉಡುಗೊರೆಗೆ ಹಣವೇ ಬೇಕಿಲ್ಲ. ಒಂದು ಒಳ್ಳೆಯ ಕಾಗದದ ಮೇಲೆ ಅತಿಥಿಯ ಹೆಸರನ್ನು ದುಂಡಾದ ಕನ್ನಡ ಅಕ್ಷರಗಳಲ್ಲಿ ಬರೆದು, ಕೆಳಗೆ ನಮ್ಮ ವರ್ಣಮಾಲೆಯನ್ನು ಬರೆದು ಕೊಡುವುದು. ಇದು ಬರಿಯ ಅಲಂಕಾರವಲ್ಲ. ಜಪಾನಿನ ಮಕ್ಕಳು ಶಾಲೆಯಲ್ಲಿ ಬಾಯಿಪಾಠ ಮಾಡುವ ಕಾನಾ ಅಕ್ಷರಗಳ ಕ್ರಮ ಹೀಗಿದೆ: ಮೊದಲು ಸ್ವರಗಳು, ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ. ಇಲ್ಲಿನ ‘ಹ’ ಹಿಂದೊಮ್ಮೆ ‘ಪ’ಕಾರವಾಗಿತ್ತು, ‘ಸ’ ಇರುವುದು ನಮ್ಮ ‘ಚ’ವರ್ಗದ ಸ್ಥಾನದಲ್ಲಿ ಎಂಬುದನ್ನು ಗಮನಿಸಿದರೆ, ಕಂಠದಿಂದ ತುಟಿಯವರೆಗೆ ಸಾಗಿ ಬರುವ ನಮ್ಮ ಕ, ಚ, ತ, ಪ ವರ್ಗಗಳ ಜಾಡು ಸ್ಪಷ್ಟವಾಗಿ ಗೋಚರಿಸುತ್ತದೆ. ಸಂಸ್ಕೃತದ ಮಂತ್ರಗಳನ್ನು ಓದಲು ಸಿದ್ಧಮಾತೃಕಾ ಲಿಪಿಯನ್ನು ಕಲಿತ ಬೌದ್ಧ ಭಿಕ್ಷುಗಳ ಮೂಲಕ ಈ ಕ್ರಮ ಅಲ್ಲಿಗೆ ತಲುಪಿತು. ತಾನು ಬಾಲ್ಯದಲ್ಲಿ ಉರುಹಚ್ಚಿದ ಸಾಲಿಗೂ ಈ ಮನೆಯ ಮಗು ಹೇಳುವ ಸಾಲಿಗೂ ಮೂಲ ಒಂದೇ ಎಂದು ತಿಳಿದ ಅತಿಥಿಯ ಮುಖವನ್ನು ಊಹಿಸಿಕೊಳ್ಳಿ. ಇಂಥ ಕಾಣಿಕೆಗೆ ಯಾರೂ ಅರ್ಧ ಬೆಲೆಯನ್ನು ಕಟ್ಟಿ ಹಿಂದಿರುಗಿಸಲಾರರು.

ಭಾರತದವರೊಬ್ಬರು ಅಲ್ಲಿ ಅತಿಥಿಯಾಗಿದ್ದ ಪ್ರಸಂಗವನ್ನೂ ಇಲ್ಲಿ ನೆನೆಯಬಹುದು. ಬೋಧಿಸೇನನೆಂಬ ಭಿಕ್ಷು ಚೀನದ ಮೂಲಕ 736ರಲ್ಲಿ ನಾನಿವಾ ಬಂದರಿಗೆ ಬಂದಿಳಿದಾಗ, ಗ್ಯೋಕಿ ಎಂಬ ಹಿರಿಯ ಭಿಕ್ಷು ಅವನನ್ನು ಎದುರುಗೊಂಡನು. 752ರಲ್ಲಿ ನಾರಾದ ತೋದಾಯ್‌ಜಿ ವಿಹಾರದ ಮಹಾಬುದ್ಧನ ನೇತ್ರೋನ್ಮೀಲನವನ್ನು ನೆರವೇರಿಸಿದವನು ಇದೇ ಬೋಧಿಸೇನ. ಅವನು ಹಿಡಿದ ಕುಂಚಕ್ಕೆ ಉದ್ದನೆಯ ದಾರಗಳನ್ನು ಕಟ್ಟಿ, ನೆರೆದವರು ಅವನ್ನು ಹಿಡಿದುಕೊಂಡು, ಕಣ್ಣು ಬರೆಯುವ ಪುಣ್ಯದಲ್ಲಿ ಪಾಲುಗೊಂಡರು. ಆ ಕುಂಚವೂ ದಾರವೂ ಶೋಸೋಯಿನ್ ಭಂಡಾರದಲ್ಲಿ ಇಂದಿಗೂ ಉಳಿದಿವೆ. ಹನ್ನೆರಡು ಶತಮಾನಗಳಿಗೂ ಮಿಗಿಲಾಗಿ ಒಂದು ದಾರವನ್ನು ಜೋಪಾನ ಮಾಡಿದ ಜನರಿಗೆ, ಸಣ್ಣ ವಸ್ತುವಿನ ದೊಡ್ಡತನವನ್ನು ನಾವು ವಿವರಿಸಿ ಹೇಳಬೇಕಾಗಿಲ್ಲ.

ಇನ್ನು ಕಟ್ಟುವ ಬಗೆ. ಜಪಾನಿನಲ್ಲಿ ಕಾಣಿಕೆಯ ಹೊದಿಕೆಗೆ ಕಾಣಿಕೆಯಷ್ಟೇ ಬೆಲೆ. ಚೌಕನೆಯ ಬಟ್ಟೆಯಲ್ಲಿ ವಸ್ತುವನ್ನಿಟ್ಟು ಗಂಟುಹಾಕುವ ‘ಫುರೋಶಿಕಿ’ ಅವರ ಹಳೆಯ ಪದ್ಧತಿ. ಸ್ನಾನಗೃಹದಲ್ಲಿ ಬಟ್ಟೆಗಳನ್ನು ಕಟ್ಟಿಡಲು ಬಳಸುತ್ತಿದ್ದುದರಿಂದ ಅದಕ್ಕೆ ಆ ಹೆಸರು. ನಮ್ಮ ಹೆಣ್ಣುಮಕ್ಕಳು ಕುಂಕುಮದೊಡನೆ ಕೊಡುವ ಕಣ ಇದಕ್ಕೆ ಹೇಳಿಮಾಡಿಸಿದಂತಿದೆ. ಗುಳೇದಗುಡ್ಡದ ಖಣವೊಂದರಲ್ಲಿ ಗೊಂಬೆಯನ್ನೂ ಸಾಬೂನನ್ನೂ ಕಟ್ಟಿ ಕೊಟ್ಟರೆ ಹೊದಿಕೆಯೂ ಉಡುಗೊರೆಯಾಗುತ್ತದೆ. ಮಿರುಗುವ ಪ್ಲಾಸ್ಟಿಕ್ ಕಾಗದಕ್ಕೆ ಇದರ ಮುಂದೆ ಏನು ಬೆಲೆ?

ತಿನಿಸನ್ನು ಕೊಡುವುದಾದರೆ ಬಿಡಿಬಿಡಿಯಾಗಿ ಪೊಟ್ಟಣ ಕಟ್ಟಿದ, ಪದಾರ್ಥಗಳ ವಿವರವೂ ದಿನಾಂಕವೂ ಇರುವ ಕಡಲೆಮಿಠಾಯಿಯಂಥದು ಲೇಸು, ಹಂಚಲು ಸುಲಭ. ತುಪ್ಪ ಸುರಿಯುವ ಮೈಸೂರುಪಾಕನ್ನು ಮನೆಯಲ್ಲಿಯೇ ಬಡಿಸಿ ಮುಗಿಸಿಬಿಡಿ. ಕೊಡಗಿನ ಅಥವಾ ಚಿಕ್ಕಮಗಳೂರಿನ ಕಾಫಿಪುಡಿಯೂ ಒಪ್ಪುತ್ತದೆ, ಜೊತೆಗೊಂದು ಪುಟ್ಟ ಉಕ್ಕಿನ ಫಿಲ್ಟರ್ ಇದ್ದರೆ. ಹಸಿ ಹಣ್ಣು, ಬೀಜ, ಗಿಡಗಳನ್ನು ಜಪಾನಿನ ಸಸ್ಯ ತಪಾಸಣೆಯವರು ಪ್ರಮಾಣಪತ್ರವಿಲ್ಲದೆ ಒಳಗೆ ಬಿಡುವುದಿಲ್ಲ. ನಾಲ್ಕು ಮತ್ತು ಒಂಬತ್ತರ ಸಂಖ್ಯೆಯಲ್ಲಿ ಏನನ್ನೂ ಕೊಡಬಾರದು. ‘ಶಿ’ ಎಂಬ ಉಚ್ಚಾರ ಸಾವಿಗೂ ‘ಕು’ ಎಂಬುದು ಸಂಕಟಕ್ಕೂ ಸಲ್ಲುತ್ತದೆ. ನೂರಕ್ಕೆ ಒಂದು ಸೇರಿಸಿ ನೂರಾ ಒಂದು ಕೊಡುವ ನಮಗೆ ಇದನ್ನು ಕಂಡು ನಗುವ ಅಧಿಕಾರವಿಲ್ಲ. ಕತ್ತರಿ, ಚಾಕು, ಬಿಳಿಯ ಸೇವಂತಿಗೆ ಇವನ್ನೂ ಬಿಡಬೇಕು. ದೇವರ ವಿಗ್ರಹವನ್ನು ಅವರಾಗಿ ಕೇಳಿದರೆ ಮಾತ್ರ ಕೊಡಬೇಕೆಂದು ನನಗೆ ತೋರುತ್ತದೆ. ಪೂಜೆಯ ಹೊಣೆಯನ್ನು ಅರಿಯದವರಿಗೆ ಹೊರಿಸುವುದು ದೇವರಿಗೂ ಅವರಿಗೂ ನ್ಯಾಯವಲ್ಲ.

ಈ ಕಟ್ಟುಪಾಡುಗಳೆಲ್ಲ ಅಲ್ಲಿಯೂ ಸಡಿಲವಾಗುತ್ತಿವೆ, ಇಂದಿನ ತರುಣರು ಇದನ್ನೆಲ್ಲ ಎಣಿಸುವುದಿಲ್ಲ ಎಂಬ ಆಕ್ಷೇಪ ಬರಬಹುದು. ಸತ್ಯಾಂಶವಿದೆ. ಆದರೆ ಅತಿಥಿ ಎಣಿಸುವುದಿಲ್ಲವೆಂಬುದು ಆತಿಥೇಯ ಎಣಿಸದಿರುವುದಕ್ಕೆ ಕಾರಣವಾಗಲಾರದು. ಮೇಲಾಗಿ ಉಡುಗೊರೆ ತರುಣಿಯೊಬ್ಬಳ ಕೈಗಷ್ಟೇ ಹೋಗುವುದಿಲ್ಲ. ಅವಳ ಅಜ್ಜಿಯ ಮುಂದೆಯೂ ಬಿಚ್ಚಿಕೊಳ್ಳುತ್ತದೆ.

ಅವರು ತಂದದ್ದನ್ನು ಸ್ವೀಕರಿಸುವ ಬಗೆಯನ್ನೂ ಹೇಳಬೇಕು. ‘ತ್ಸುಮರಾನಾಯ್ ಮೊನೊ ದೆಸು ಗಾ’, ಹೇಳಿಕೊಳ್ಳುವಂಥದೇನಲ್ಲ, ಎನ್ನುತ್ತ ಅತಿಥಿ ಒಂದು ಪೊಟ್ಟಣವನ್ನು ನೀಡಿದರೆ ಅದು ವಿನಯದ ನುಡಿ. ಅದನ್ನು ನಂಬಿ ಮೂಲೆಗಿಡಬಾರದು. ಎರಡು ಕೈಯಲ್ಲಿ ಪಡೆದು, ಈಗ ತೆರೆಯಬಹುದೇ ಎಂದು ಕೇಳಿದರೆ ಸಾಕು. ಸಸ್ಯಾಹಾರಿಗಳ ಮನೆಯಲ್ಲಿ ಇಲ್ಲಿ ತುಸು ತೊಡಕುಂಟು. ಅಲ್ಲಿನ ಅನೇಕ ತಿನಿಸುಗಳಲ್ಲಿ ಮೀನಿನ ಸಾರವೋ ಜೆಲಾಟಿನ್ನೋ ಸೇರಿರುತ್ತದೆ. ಬರುವ ಮುನ್ನವೇ ಪತ್ರದಲ್ಲಿ ತಿಳಿಸಿದರೆ ಇಬ್ಬರಿಗೂ ಮುಜುಗರ ತಪ್ಪುತ್ತದೆ, ‘ಯೋಕಾನ್’ ಆದರೆ ನಮಗೆ ಸಲ್ಲುತ್ತದೆಂದೂ ಹೇಳಬಹುದು. ಅದು ಕೆಂಪು ಕಾಳಿನ ಹೂರಣ, ಸಕ್ಕರೆ ಮತ್ತು ಕಡಲಪಾಚಿಯ ಅಂಟಿನಿಂದ ಮಾಡಿದ ಸಿಹಿ. ಹೆಸರಿನ ಅಕ್ಷರಗಳಲ್ಲಿ ಮಾತ್ರ ಇಂದಿಗೂ ಕುರಿ ಉಳಿದಿದೆ. ಚೀನದಲ್ಲಿ ಕುರಿಯ ಮಾಂಸದ ಸಾರಾಗಿದ್ದುದನ್ನು, ಮಾಂಸ ಮುಟ್ಟದ ಝೆನ್ ಭಿಕ್ಷುಗಳು ಕಾಳಿನಿಂದ ಮಾಡಿಕೊಂಡರು. ಹೋಳಿಗೆಯ ಹೂರಣವನ್ನು ಬಲ್ಲ ನಾಲಗೆಗೆ ಅದು ಅಪರಿಚಿತವೆನಿಸದು.

ಉಡುಗೊರೆಯನ್ನು ಹೊರಡುವ ಹಿಂದಿನ ರಾತ್ರಿ, ಊಟವಾದ ಮೇಲೆ, ಕುಳಿತು ಕೊಡುವುದು ಉಚಿತ. ಕಾರು ಬಾಗಿಲಲ್ಲಿ ನಿಂತು, ಪೆಟ್ಟಿಗೆಗೆ ಬೀಗ ಬಿದ್ದ ಮೇಲೆ, ಮನೆಯವರೆಲ್ಲ ಒಂದೊಂದು ಚೀಲ ಹಿಡಿದು ಓಡಿಬರುವ ನಮ್ಮ ಅಭ್ಯಾಸ ಕಣ್ಣಿಗೆ ಸೊಗಸು, ಅತಿಥಿಗೆ ಸಂಕಟ.