'ಇತರೆ' ಅಂದ್ರೆ ಏನಪ್ಪ?

ಮೊನ್ನೆ ನನ್ನ ಮೊಮ್ಮಗಳು ಶಾಲೆಯಿಂದ ಬಂದವಳೇ ನಡುಮನೆಯಲ್ಲಿ ಡ್ರಾಯಿಂಗ್ ಶೀಟು ಹರಡಿಕೊಂಡು ಕೂತಳು. ತಂಬಾಕಿನ ಕೆಡುಕಿನ ಬಗ್ಗೆ ಚಿತ್ರ ಬರೆದು ತರಬೇಕೆಂದು ಟೀಚರ್ ಹೇಳಿದ್ದರಂತೆ. ದಪ್ಪ ಮೀಸೆಯ ಒಬ್ಬ ಗಂಡಸು, ಬಾಯಲ್ಲಿ ಸಿಗರೇಟು, ಎದೆಯೊಳಗೆ ಎರಡು ಕಪ್ಪು ಚೀಲ. ಬಣ್ಣ ತುಂಬುತ್ತಾ ತಲೆ ಎತ್ತದೆಯೇ ಕೇಳಿದಳು: "ತಾತ, ನೀವು ಯಾವತ್ತಾದ್ರೂ ಸಿಗರೇಟು ಸೇದಿದ್ರಾ?"

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ನಾನೇನು ಹೇಳುತ್ತೇನೋ ಎಂದು ನನ್ನ ಹೆಂಡತಿ ಕಿವಿಗೊಟ್ಟಿದ್ದಳು.

"ಸೇದ್ತಿದ್ದೆ ಪುಟ್ಟಿ. ಹದಿನಾಲ್ಕು ವರ್ಷ."

"ನೀವಾ?" ಎಂದು ಅವಳು ಕ್ರೇಯಾನ್ ಕೆಳಗಿಟ್ಟಳು. ಆ 'ನೀವಾ'ಗೆ ಉತ್ತರ ಕೊಡಲು ನನಗೆ ಇಡೀ ಸಂಜೆ ಬೇಕಾಯಿತು. ಮಕ್ಕಳೇ, ಅದನ್ನೇ ಈ ವಾರ ನಿಮಗೂ ಹೇಳುತ್ತೇನೆ. ನಿಮ್ಮ ಅಜ್ಜ ಅಜ್ಜಿಯರೂ ಜೊತೆಗೆ ಕೂತು ಓದಲಿ.

ನಾನು ಬೆಳೆದದ್ದು ಹಲಸೂರಿನಲ್ಲಿ, ಸೋಮೇಶ್ವರ ದೇವಸ್ಥಾನದ ಹತ್ತಿರದ ಒಂದು ವಠಾರದಲ್ಲಿ. 1950ರ ದಶಕದ ಮಾತು. ಆಗ ನಮ್ಮ ಬೀದಿಯಲ್ಲಿ ಸೇದದ ಗಂಡಸರನ್ನು ಹುಡುಕಬೇಕಿತ್ತು. ತಾತ ಬೀಡಿ ಸೇದುತ್ತಿದ್ದರು, ಅಪ್ಪ ಸಿಗರೇಟು. ಅಜ್ಜಿಯ ಸೊಂಟದಲ್ಲಿ ಬಾಳೆಪಟ್ಟೆಯಲ್ಲಿ ಕಟ್ಟಿದ ನಶ್ಯ. ಪಕ್ಕದ ಮನೆಯ ತಮಿಳು ಪಾಟಿ ಎಲೆಯಡಿಕೆಯ ಜೊತೆ ಹೊಗೆಸೊಪ್ಪು ಹಾಕುತ್ತಿದ್ದರು. ಹೊಗೆ ಬರಲಿ ಬಿಡಲಿ, ಸೊಪ್ಪು ಮಾತ್ರ ಒಂದೇ. ಈ ಸೊಪ್ಪು ನಮ್ಮ ನೆಲದ್ದಲ್ಲ. ಮೆಣಸಿನಕಾಯಿಯ ಹಾಗೆ ಇದನ್ನೂ ಸುಮಾರು ನಾನೂರು ವರ್ಷಗಳ ಹಿಂದೆ ಪೋರ್ಚುಗೀಸರು ಹಡಗಿನಲ್ಲಿ ತಂದರು. ಈಗ ನಮ್ಮ ಹುಣಸೂರು, ಪಿರಿಯಾಪಟ್ಟಣದ ಹೊಲಗಳಲ್ಲೇ ಬೆಳೆಯುತ್ತಾರೆ.

ದಂಡಿನ ಕಡೆಯವರಿಗೆ ಸಿಗರೇಟು ಮನೆ ಬಾಗಿಲಿನ ವಸ್ತು. ಈಗಿನ ಐ.ಟಿ.ಸಿ. ಕಂಪನಿ 1910ರಲ್ಲಿ ಕಲ್ಕತ್ತದಲ್ಲಿ ಇಂಪೀರಿಯಲ್ ಟೊಬ್ಯಾಕೊ ಎಂಬ ಹೆಸರಿನಲ್ಲಿ ಶುರುವಾಯಿತು. ಕೆಲವೇ ವರ್ಷಗಳಲ್ಲಿ ನಮ್ಮ ಫ್ರೇಜರ್ ಟೌನ್ ಕಡೆಯೂ, ಅಂದರೆ ಈಗಿನ ಪುಲಿಕೇಶಿನಗರದಲ್ಲಿ, ಸಿಗರೇಟು ಕಾರ್ಖಾನೆ ಎದ್ದಿತು. ಎಷ್ಟೋ ಮನೆಗಳ ಒಲೆ ಉರಿದದ್ದು ಅದರ ಸಂಬಳದಿಂದ. ಆ ದಾರಿಯಲ್ಲಿ ನಡೆದು ಹೋಗುವಾಗ ಗಾಳಿಯಲ್ಲಿ ಹೊಗೆಸೊಪ್ಪಿನ ಸಿಹಿ ವಾಸನೆ ಬರುತ್ತಿತ್ತು. ನಿಜ ಹೇಳಬೇಕೆಂದರೆ ನನಗದು ಇಷ್ಟವಾಗುತ್ತಿತ್ತು. ಅದು ನಮ್ಮಪ್ಪನ ಅಂಗಿಯ ವಾಸನೆ.

ಅಪ್ಪ ಎಚ್.ಎ.ಎಲ್.ನಲ್ಲಿ ಫಿಟ್ಟರ್. ಸಂಜೆ ಮನೆಗೆ ಬಂದು ಕಾಲು ತೊಳೆದು ಕೂತರೆ, "ಮಗಾ, ಕಾಕಾ ಅಂಗಡಿಗೆ ಓಡು" ಎನ್ನುತ್ತಿದ್ದರು. ಏಳು ವರ್ಷದ ನಾನು ಓಡುತ್ತಿದ್ದೆ. ಅಂಗಡಿಯ ಕಂಬಕ್ಕೆ ತೆಂಗಿನ ನಾರಿನ ಹಗ್ಗ ನೇತಾಡುತ್ತಿತ್ತು. ಅದರ ತುದಿಯಲ್ಲಿ ಬೆಳಗಿನಿಂದ ರಾತ್ರಿಯವರೆಗೂ ಕೆಂಡ. ಬಂದವರೆಲ್ಲ ಅದಕ್ಕೇ ಸಿಗರೇಟು ತಾಗಿಸಿ ಹೊತ್ತಿಸಿಕೊಳ್ಳುತ್ತಿದ್ದರು. ಕಾಕಾ ಒಂದು ಚಾರ್ಮಿನಾರ್ ಪ್ಯಾಕು ಕೊಟ್ಟು, ನನ್ನ ಕೈಗೊಂದು ಪೆಪ್ಪರ್‌ಮಿಂಟ್ ಇಡುತ್ತಿದ್ದರು. ಚಿಕ್ಕ ಹುಡುಗನ ಕೈಗೆ ಸಿಗರೇಟು ಕೊಡುವುದು ತಪ್ಪು ಅಂತ ಕಾಕಾಗೂ ಅನ್ನಿಸಲಿಲ್ಲ, ಅಪ್ಪನಿಗೂ ಅನ್ನಿಸಲಿಲ್ಲ.

ಖಾಲಿ ಪ್ಯಾಕು ನಮ್ಮ ಸೊತ್ತು. ಅದರ ಮುಖ ಹರಿದು ನೋಟಿನಂತೆ ಜೋಡಿಸಿಟ್ಟು ಆಡುತ್ತಿದ್ದೆವು. ಚಾರ್ಮಿನಾರ್‌ಗೆ 5, ಸಿಜರ್ಸ್‌ಗೆ 10, ಗೋಲ್ಡ್ ಫ್ಲೇಕ್‌ಗೆ 100. ಸೌತ್ ಪೆರೇಡ್ ಕಡೆ ಹೋಗಿ ಯಾರೋ ಎಸೆದ ಪರದೇಶದ ಪ್ಯಾಕು ಹೆಕ್ಕಿ ತಂದವನು ಆ ವಾರದ ಸಾಹುಕಾರ. ಒಳಗಿನ ಬೆಳ್ಳಿ ಕಾಗದವನ್ನು ಉಗುರಿನಿಂದ ತೀಡಿ ತೀಡಿ ಸುಕ್ಕು ಬಿಡಿಸಿ, ದಸರೆಯ ಬೊಂಬೆಗಳಿಗೆ ಕಿರೀಟ ಮಾಡುತ್ತಿದ್ದೆವು. ಸಿಗರೇಟು ಬಾಯಿಗೆ ಬರುವ ಮೊದಲೇ ನಮ್ಮ ಆಟಕ್ಕೂ ಹಬ್ಬಕ್ಕೂ ಬಂದು ಕೂತಿತ್ತು.

ಬಿ.ಕಾಂ. ಮುಗಿಸಿ 1974ರಲ್ಲಿ ಬ್ಯಾಂಕು ಸೇರಿದೆ. ಶಿವಾಜಿನಗರದ ಕಡೆಯ ಶಾಖೆ. ಎಲ್ಲವೂ ಕೈಯಲ್ಲೇ ಬರೆಯುವ ಲೆಕ್ಕ. ಜೂನ್, ಡಿಸೆಂಬರ್ ಬಂದರೆ ಅರ್ಧವರ್ಷದ ಲೆಕ್ಕ ಮುಗಿಸಲು ರಾತ್ರಿ ಹತ್ತರವರೆಗೂ ಕೂರಬೇಕು. ಮೂರು ರೂಪಾಯಿ ಎಲ್ಲೋ ತಪ್ಪಿ ಲೆಡ್ಜರ್ ಟ್ಯಾಲಿ ಆಗದೆ ತಲೆ ಕೆಟ್ಟ ಒಂದು ರಾತ್ರಿ, 1975ರಲ್ಲಿ, ಪಕ್ಕದ ಮೇಜಿನವರು ಪ್ಯಾಕು ಚಾಚಿದರು. ಮೊದಲ ದಮ್ಮಿಗೆ ಕೆಮ್ಮು ಬಂತು. ಎರಡನೆಯದಕ್ಕೆ ಅಪ್ಪನ ನೆನಪು ಬಂತು. ಒಂದು ವಾರದಲ್ಲಿ ಅಭ್ಯಾಸವಾಯಿತು.

ಅದೇ 1975ರಲ್ಲಿ ಕಾನೂನು ಬಂದು, ಸಿಗರೇಟು ಆರೋಗ್ಯಕ್ಕೆ ಹಾನಿಕರ ಎಂದು ಪ್ಯಾಕಿನ ಮೇಲೆ ಅಚ್ಚು ಹಾಕುವುದು ಕಡ್ಡಾಯವಾಯಿತು. ನಮ್ಮ ಕೈಗೆ ಬರುತ್ತಿದ್ದ ಪ್ಯಾಕಿನ ಮೇಲೆ ಅದು ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಇರುತ್ತಿತ್ತು. ಅಪ್ಪನಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ನನಗೆ ಬರುತ್ತಿತ್ತು. ಇಬ್ಬರೂ ಸೇದಿದೆವು.

ಅಪ್ಪನಿಗೆ ಐವತ್ತು ದಾಟಿದ ಮೇಲೆ ಕೆಮ್ಮು ಶುರುವಾಯಿತು. ಬೆಳಗಿನ ಜಾವ ವಠಾರವೆಲ್ಲ ಎಚ್ಚರವಾಗುವಂಥ ಕೆಮ್ಮು. ನಿವೃತ್ತಿಯ ಹೊತ್ತಿಗೆ ಬಾವಿಕಟ್ಟೆಯಿಂದ ಮನೆಯ ಮೆಟ್ಟಿಲವರೆಗೆ ಬರುವಷ್ಟರಲ್ಲಿ ಎರಡು ಸಲ ನಿಲ್ಲುತ್ತಿದ್ದರು. ಶ್ವಾಸಕೋಶ ಸವೆದುಹೋಗಿದೆ, ಹೋದದ್ದು ಮತ್ತೆ ಬರುವುದಿಲ್ಲ ಎಂದು ಡಾಕ್ಟರು ಹೇಳಿದರು. ಅಪ್ಪ ಆಗ ಬಿಟ್ಟರು. ತಡವಾಗಿತ್ತು. 1984ರಲ್ಲಿ, ಅರವತ್ತಕ್ಕೇ ಹೋದರು.

ಈಗ ಹೇಳುವುದು ನನಗೆ ನಾಚಿಕೆಯ ವಿಷಯ. ಅಪ್ಪನ ವೈಕುಂಠ ಸಮಾರಾಧನೆಯ ದಿನ ಬಂದವರೆಲ್ಲ ಊಟ ಮಾಡಿ ಎದ್ದ ಮೇಲೆ, ನಾನು ಹಿತ್ತಲಿಗೆ ಹೋಗಿ ಗೋಡೆಯ ಮರೆಯಲ್ಲಿ ಒಂದು ಸಿಗರೇಟು ಸೇದಿದೆ. ಅಪ್ಪನನ್ನು ಕೊಂದದ್ದು ಯಾವುದು ಎಂದು ಗೊತ್ತಿದ್ದೂ ಸೇದಿದೆ. ಅಂಥವನಿಗೆ ಬುದ್ಧಿ ಇಲ್ಲ ಎನ್ನುವುದು ಸುಲಭ. ತಂಬಾಕಿನಲ್ಲಿರುವ ನಿಕೋಟಿನ್ ಕೆಲವೇ ಸೆಕೆಂಡುಗಳಲ್ಲಿ ಮೆದುಳಿಗೆ ಏರುತ್ತದೆ. ಏರಿದಷ್ಟೇ ಬೇಗ ಇಳಿಯುತ್ತದೆ. ಇಳಿದಾಗ ಮನಸ್ಸು ಚಡಪಡಿಸುತ್ತದೆ, 'ಇನ್ನೊಂದು ಕೊಡು' ಎನ್ನುತ್ತದೆ. ಬುದ್ಧಿ ಒಂದು ಕಡೆ ಎಳೆದರೆ ಈ ಚಡಪಡಿಕೆ ಇನ್ನೊಂದು ಕಡೆ ಎಳೆಯುತ್ತದೆ. ಅದಕ್ಕೇ ಇದನ್ನು ಚಟ ಅನ್ನುವುದು.

ಬಿಡಲು ನೋಡಲಿಲ್ಲವೆಂದಲ್ಲ. ಒಂದು ಯುಗಾದಿಗೆ ಬಿಟ್ಟೆ, ನಾಲ್ಕು ದಿನ ನಡೆಯಿತು. ಆಮೇಲೆ ಸ್ನೇಹಿತರ ಜೊತೆ ಶಬರಿಮಲೆಗೆ ಮಾಲೆ ಹಾಕಿದೆ. 41 ದಿನ ಒಂದೂ ಮುಟ್ಟಲಿಲ್ಲ. ವಾಪಸು ಬಂದು ಮಾಲೆ ತೆಗೆದು ಅರ್ಧ ಗಂಟೆಗೆ ಅಂಗಡಿಯ ಮುಂದೆ ನಿಂತಿದ್ದೆ! ನಗಬೇಡಿ, ಹಾಗೆ ನಿಂತವನು ನಾನೊಬ್ಬನೇ ಅಲ್ಲ.

ಕೊನೆಗೆ ನನ್ನನ್ನು ಹಿಡಿದದ್ದು ನನ್ನದೇ ಲೆಕ್ಕದ ಪುಸ್ತಕ. ಮನೆಯ ಖರ್ಚನ್ನು ದಿನವೂ ಬರೆದಿಡುವುದು ನನ್ನ ಪದ್ಧತಿ. ಹಾಲು, ತರಕಾರಿ, ಬಸ್ಸು, ಸೀಮೆಎಣ್ಣೆ, ಎಲ್ಲದಕ್ಕೂ ಒಂದೊಂದು ಸಾಲು. ಸಿಗರೇಟಿಗೆ ಮಾತ್ರ ಆ ಹೆಸರು ಬರೆಯುತ್ತಿರಲಿಲ್ಲ. 'ಇತರೆ' ಎಂದು ಬರೆಯುತ್ತಿದ್ದೆ.

1989ರಲ್ಲಿ ನನ್ನ ಮಗನಿಗೆ ಹನ್ನೊಂದು ವರ್ಷ. ಮನೆಯ ಒಂದು ತಿಂಗಳ ಖರ್ಚಿಗೆ ಸ್ತಂಭಾಲೇಖ ಬರೆದು ತನ್ನಿ ಎಂದು ಅವನ ಲೆಕ್ಕದ ಮೇಷ್ಟ್ರು ಹೇಳಿದ್ದರು. ನನ್ನ ಪುಸ್ತಕ ಇಟ್ಟುಕೊಂಡು ಕೂಡಿಸಿದ, ಗೆರೆ ಎಳೆದ, ಬಣ್ಣ ತುಂಬಿದ. ಆಮೇಲೆ ಹಾಳೆ ಹಿಡಿದುಕೊಂಡು ಬಂದ.

"ಅಪ್ಪ, ಹಾಲಿನ ಕಂಬಕ್ಕಿಂತ 'ಇತರೆ' ಕಂಬ ಉದ್ದ ಬಂದಿದೆ. 'ಇತರೆ' ಅಂದ್ರೆ ಏನಪ್ಪ? ಮೇಷ್ಟ್ರು ಕೇಳಿದ್ರೆ ಏನ್ ಹೇಳ್ಲಿ?"

ನಾನು ಸುಮ್ಮನಿದ್ದೆ. "ಹೇಳಿ, ಮಗು ಕೇಳ್ತಿದಾನಲ್ಲ" ಎಂದಳು ನನ್ನ ಹೆಂಡತಿ. ಅವಳಿಗೆ ಮೊದಲ ದಿನದಿಂದಲೂ ಗೊತ್ತಿತ್ತು.

ಹೇಳಿದೆ. ಅವನು ಬೈಯಲಿಲ್ಲ, ಅಳಲಿಲ್ಲ. ಪೆನ್ಸಿಲ್ ತೆಗೆದುಕೊಂಡು ಇನ್ನೊಂದು ಲೆಕ್ಕ ಹಾಕಿದ. ದಿನಕ್ಕೆ 10 ಸಿಗರೇಟು, ವರ್ಷಕ್ಕೆ 3,650, ಹದಿನಾಲ್ಕು ವರ್ಷಕ್ಕೆ 51,100. "ಐವತ್ತೊಂದು ಸಾವಿರದ ನೂರು" ಎಂದು ಎರಡು ಸಲ ಓದಿದ. ಆಮೇಲೆ, "ಅಪ್ಪ, ತಾತನಿಗೂ ಇದೇ ತಾನೆ ಆಗಿದ್ದು?" ಎಂದ. ಕೆಮ್ಮುತ್ತಿದ್ದ ತಾತನ ಎದೆ ನೀವಿದ ಹುಡುಗ ಅವನು.

ಮಾರನೆಯ ದಿನದಿಂದ ನಮ್ಮಿಬ್ಬರ ನಡುವೆ ಒಂದು ಒಪ್ಪಂದವಾಯಿತು. ಪುಸ್ತಕದಲ್ಲಿ 'ಇತರೆ' ಹೊಡೆದುಹಾಕಿ 'ಸಿಗರೇಟು' ಎಂದೇ ಬರೆಯುವುದು. ಎಷ್ಟು ಸೇದಿದೆನೋ ಅಷ್ಟು ಅಂಕಿ. ರಾತ್ರಿ ಊಟದ ಮೇಲೆ ಅವನು ಕೆಂಪು ಪೆನ್ಸಿಲಿನಲ್ಲಿ ಸಹಿ ಹಾಕುವುದು. ನಮ್ಮ ಬ್ಯಾಂಕಿಗೆ ಆಡಿಟರು ಬಂದರೂ ನಾನು ಅಷ್ಟು ಹೆದರಿದವನಲ್ಲ!

ಮೊದಲ ಮೂರು ದಿನ ಕಷ್ಟ. ತಲೆನೋವು, ಸಿಡುಕು. ಕೌಂಟರಿನಲ್ಲಿ ಗಿರಾಕಿಯ ಮೇಲೆ ಸುಮ್ಮಸುಮ್ಮನೆ ರೇಗಿದೆ. ಜೇಬಿನಲ್ಲಿ ಲವಂಗ, ಹುರಿದ ಕಡಲೆಕಾಯಿ. ಬಸ್‌ಸ್ಟಾಪಿಗೆ ಹೋಗುವಾಗ ಅಂಗಡಿಯ ರಸ್ತೆ ಬಿಟ್ಟು ಹಲಸೂರು ಕೆರೆಯ ಕಡೆಯಿಂದ ಸುತ್ತಿ ಹೋದೆ. ಹನ್ನೊಂದು ಗಂಟೆಯ ಚಹಾಕ್ಕೆ ಗೆಳೆಯರ ಜೊತೆ ಆಚೆ ಹೋಗುವುದನ್ನು ನಿಲ್ಲಿಸಿದೆ. ಆಸೆ ಬಂದಾಗ ಐದು ನಿಮಿಷ ಬೇರೇನಾದರೂ ಕೆಲಸ ಮಾಡಿದರೆ ಅದು ತಾನಾಗಿ ಇಳಿಯುತ್ತದೆ ಎಂಬುದು ಆಗ ತಿಳಿಯಿತು. ಸೊನ್ನೆ, ಸೊನ್ನೆ, ಸೊನ್ನೆ. ಪುಟ ತುಂಬುತ್ತಾ ಬಂತು.

ಹದಿನೇಳನೆಯ ದಿನ ಸಂಜೆ ರಸೆಲ್ ಮಾರ್ಕೆಟ್ಟಿಗೆ ಹಣ್ಣು ತರಲು ಹೋದವನು ಹಳೆಯ ಸ್ನೇಹಿತನೊಬ್ಬ ಸಿಕ್ಕನೆಂದು ಒಂದು ಸೇದಿಬಿಟ್ಟೆ. ಮನೆಗೆ ಬಂದು ಬಾಯಿ ಮುಕ್ಕಳಿಸಿ, ಏಲಕ್ಕಿ ಜಗಿದೆ. ಊಟವಾಯಿತು. ಪುಸ್ತಕ ತೆರೆದೆ. ಸೊನ್ನೆ ಬರೆದರೆ ಕೇಳುವವರು ಯಾರು? ಆದರೆ ಲೆಡ್ಜರಿನಲ್ಲಿ ಸುಳ್ಳು ಅಂಕಿ ಬರೆದ ಕೈ ಅಲ್ಲ ಇದು. '1' ಎಂದು ಬರೆದು ಪುಸ್ತಕ ಅವನ ಕಡೆ ತಳ್ಳಿದೆ. ಮುಖ ನೋಡಲು ಧೈರ್ಯವಾಗಲಿಲ್ಲ.

ಅವನು ಸ್ವಲ್ಪ ಹೊತ್ತು ನೋಡಿದ. ಎಂದಿನಂತೆ ಸಹಿ ಹಾಕಿದ. "ನಾಳೆ ಮತ್ತೆ ಸೊನ್ನೆ ಬರೀಪ್ಪ" ಎಂದು ಹೇಳಿ ಮಲಗಲು ಹೋದ.

ಅಷ್ಟೇ. ಅದೇ ನನ್ನ ಕೊನೆಯ ಸಿಗರೇಟು. ಅವನು ಅಂದು ರೇಗಿದ್ದರೆ, 'ನಿಮ್ಮ ಕೈಲಾಗಲ್ಲ ಬಿಡಿ' ಅಂದಿದ್ದರೆ, ನಾನು ಇಂದು ಇದನ್ನು ಬರೆಯುತ್ತಿರಲಿಲ್ಲವೇನೋ.

ಈಗ ಕಾಲ ಎಷ್ಟೋ ಬದಲಾಗಿದೆ. 2008ರ ಅಕ್ಟೋಬರ್ 2ರಿಂದ ದೇಶದೆಲ್ಲೆಡೆ ಸಾರ್ವಜನಿಕ ಸ್ಥಳದಲ್ಲಿ ಸೇದುವಂತಿಲ್ಲ. ಕರ್ನಾಟಕದಲ್ಲಿ 2025ರಿಂದ ದಂಡ ಸಾವಿರ ರೂಪಾಯಿವರೆಗೆ ಏರಿದೆ, 21 ವರ್ಷ ತುಂಬದವರಿಗೆ ತಂಬಾಕು ಮಾರುವಂತೆಯೂ ಇಲ್ಲ. ಏಳು ವರ್ಷದ ಹುಡುಗನನ್ನು ಅಂಗಡಿಗೆ ಓಡಿಸುವ ಅಪ್ಪಂದಿರು ಇಂದು ಕಡಿಮೆ. ಆದರೂ ಸಂಜೆ ಕೆ.ಆರ್. ಪುರದ ನಮ್ಮ ರಸ್ತೆಯಲ್ಲಿ ವಾಕಿಂಗ್ ಹೋದರೆ, ಚಹಾ ಅಂಗಡಿಗಳ ಮುಂದೆ ಆಫೀಸಿನ ಹುಡುಗ ಹುಡುಗಿಯರು ಸೇದುತ್ತಾ ನಿಂತಿರುತ್ತಾರೆ. ಅವರನ್ನು ಕಂಡರೆ ನನಗೆ ಸಿಟ್ಟು ಬರುವುದಿಲ್ಲ. ಲೆಡ್ಜರ್ ಟ್ಯಾಲಿ ಆಗದ ರಾತ್ರಿ ನೆನಪಾಗುತ್ತದೆ.

ಇನ್ನೂ ಸೇದುವ ನನ್ನ ಓರಗೆಯವರಿಗೆ ಒಂದು ಮಾತು. ಈ ವಯಸ್ಸಿನಲ್ಲಿ ಬಿಟ್ಟು ಏನು ಪ್ರಯೋಜನ ಎನ್ನಬೇಡಿ. ಕೊನೆಯ ಸಿಗರೇಟು ಆರಿಸಿದ ಇಪ್ಪತ್ತು ನಿಮಿಷಕ್ಕೇ ಹೃದಯದ ಬಡಿತ ಇಳಿಯತೊಡಗುತ್ತದೆ. ಒಂದು ವರ್ಷ ಕಳೆದರೆ ಹೃದಯದ ಕಾಯಿಲೆಯ ಅಪಾಯ ಸೇದುವವರಿಗಿಂತ ಅರ್ಧಕ್ಕೆ ಬರುತ್ತದೆ. ನೀವು ಬಿಟ್ಟ ಹೊಗೆ ತೊಡೆಯ ಮೇಲೆ ಕೂತ ಮೊಮ್ಮಗುವಿನ ಎದೆಗೂ ಹೋಗುತ್ತದೆ ಎಂಬುದು ನೆನಪಿರಲಿ. ನನ್ನ ಕಾಲದಲ್ಲಿ ಇಲ್ಲದ ಸಹಾಯ ಈಗ ಇದೆ. ಸರ್ಕಾರದ ಉಚಿತ ಸಹಾಯವಾಣಿ 1800-11-2356ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಿ ದಾರಿ ಹೇಳುತ್ತಾರೆ. ನಮ್ಮ ನಿಮ್ಹಾನ್ಸ್‌ನಲ್ಲೂ ಚಟ ಬಿಡಿಸುವ ವಿಭಾಗವಿದೆ.

ಮಕ್ಕಳೇ, ನಿಮಗೂ ಒಂದು ಕೆಲಸ. ಮನೆಯಲ್ಲಿ ಯಾರಾದರೂ ಸೇದುತ್ತಿದ್ದರೆ ಅವರನ್ನು ಕೆಟ್ಟವರೆಂದು ತಿಳಿಯಬೇಡಿ, ಎಲ್ಲರೆದುರು ಹಂಗಿಸಬೇಡಿ. ಒಂದು ಹಳೆಯ ನೋಟ್‌ಬುಕ್ಕು, ಒಂದು ಕೆಂಪು ಪೆನ್ಸಿಲು ಹಿಡಿದು ಪಕ್ಕದಲ್ಲಿ ಕೂತು, ದಿನದ ಲೆಕ್ಕ ಕೇಳಿ. '1' ಬಂದ ದಿನವೂ ಸಹಿ ಹಾಕಿ.

ಆ ಪುಸ್ತಕ ಇನ್ನೂ ನನ್ನ ಟ್ರಂಕಿನಲ್ಲಿದೆ. ಮೊನ್ನೆ ಮೊಮ್ಮಗಳಿಗೆ ತೆಗೆದು ತೋರಿಸಿದೆ. ಸೊನ್ನೆಗಳ ಸಾಲಿನ ಮೇಲೆ ಬೆರಳಾಡಿಸುತ್ತಾ ಹೋಗಿ ಆ ಒಂದರ ಹತ್ತಿರ ನಿಂತಳು. ಪಕ್ಕದಲ್ಲಿ ಅವಳಪ್ಪನ ಎಳೆಯ ಕೈಯ ಕೆಂಪು ಸಹಿ. ಆಮೇಲೆ ತನ್ನ ಚಿತ್ರಕ್ಕೆ ಹಿಂತಿರುಗಿ, ಮೀಸೆಯ ಗಂಡಸಿನ ಪಕ್ಕದಲ್ಲಿ ಪೆನ್ಸಿಲ್ ಹಿಡಿದ ಒಬ್ಬ ಚಿಕ್ಕ ಹುಡುಗನನ್ನು ಬರೆದಳು.

ಮುಂದಿನ ವಾರ ಮತ್ತೆ ಸಿಗೋಣ.