ನೀಲಿ ದ್ರಾಕ್ಷಿಯೂ ನನ್ನ ತಿದ್ದುಪಡಿಯೂ

ರಾಜಾಜಿನಗರದ ನಮ್ಮ ಬೀದಿಗೆ ಈಗಲೂ ತಳ್ಳುಗಾಡಿಯಲ್ಲಿ ಬೆಂಗಳೂರು ನೀಲಿ ದ್ರಾಕ್ಷಿ ಬರುತ್ತದೆ. ದಪ್ಪ ಸಿಪ್ಪೆ, ಒಳಗೆ ಬೀಜ, ಹುಳಿ ಬೆರೆತ ಸಿಹಿ. 2013ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಈ ಹಣ್ಣನ್ನು ಮೊಮ್ಮಕ್ಕಳು ಮೂಸಿಯೂ ನೋಡರು.

ವಿಜಯಪುರದ ಒಣಹವೆಯಲ್ಲಿ ಬೀಜರಹಿತ ಹಣ್ಣನ್ನು ಒಣದ್ರಾಕ್ಷಿ ಮಾಡಿ, ಒಳ್ಳೆಯ ಬೆಲೆಗೆ ಕಾಯಬಹುದು. ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರಗಳ ನೀಲಿ ದ್ರಾಕ್ಷಿಗೆ ಆ ಭಾಗ್ಯವಿಲ್ಲ. ಮಾಗಿದಾಗ ಮಳೆ ಬಿದ್ದರೆ ಹಣ್ಣು ಒಡೆಯುತ್ತದೆ. ಕೊಯ್ದರೆ ಬಹುದಿನ ಇಡಲಾಗದು. ಅದನ್ನು ಉಳಿಸಬೇಕಾದರೆ ರಸ ತೆಗೆಯಬೇಕು, ಇಲ್ಲವೇ ವೈನ್ ಮಾಡಬೇಕು.

2007ರಲ್ಲಿ ರಾಜ್ಯ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ತಂದಾಗ ನಾನು ಅದನ್ನು ಕಟುವಾಗಿ ಖಂಡಿಸಿದ್ದೆ. ಇಂದು ಆ ಮಾತನ್ನು ತಿದ್ದಿಕೊಳ್ಳುತ್ತಿದ್ದೇನೆ. “ಮೇಷ್ಟ್ರೇ, ನೀವೂ ಹೀಗೆನ್ನುವುದೇ?” ಎಂದು ನನ್ನ ವಿದ್ಯಾರ್ಥಿಗಳು ಹುಬ್ಬೇರಿಸಬಹುದು. ನಾನು ಕುಡಿಯುವವನಲ್ಲ, ಕುಡಿಯಿರೆಂದು ಹೇಳುವವನೂ ಅಲ್ಲ. ತಂದೆಯ ಕುಡಿತದಿಂದ ಶಾಲೆ ಬಿಟ್ಟ ಮಕ್ಕಳನ್ನು ಕಂಡವನು. ಆದರೆ ಬೆಳೆಗಾರನು ಕೊಯ್ದ ದಿನದ ಬೆಲೆಗೇ ತಲೆಬಾಗಬೇಕೆನ್ನುವುದು ನ್ಯಾಯವಲ್ಲ. ವೈನಿಗೆ ಸಿಗುವ ಒತ್ತಾಸೆ ಹಣ್ಣಿನ ರಸದ ಘಟಕಗಳಿಗೂ ಸಿಗಲಿ ಎಂಬುದಷ್ಟೇ ನನ್ನ ಬೇಡಿಕೆ.

ನಮ್ಮ ಪಾಲಿನ ಕರ್ತವ್ಯವೂ ಒಂದಿದೆ. ಗಾಡಿ ಬಂದಾಗ ಒಂದು ಕಿಲೋ ನೀಲಿ ದ್ರಾಕ್ಷಿ ಕೊಳ್ಳೋಣ. ಬೀಜ ಉಗುಳುವುದನ್ನು ಮೊಮ್ಮಕ್ಕಳಿಗೆ ನಾವೇ ಕಲಿಸಿದರಾಯಿತು.