ಹಾವು ಕಚ್ಚಿದ ಮೇಲಿನ ಮೊದಲ ಗಂಟೆ



ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಯಾವಾಗ ಹೊಡೆಯಬೇಕೆಂದು ವಿಚಾರಿಸಲು ಸಂಘದ ಕಚೇರಿಗೆ ಬರುವವರು ಬಹಳ ಮಂದಿ. ತೋಟದಲ್ಲಿ ಕೆಲಸದವರಿಗೆ ಹಾವು ಕಚ್ಚಿದರೆ ಯಾವ ಆಸ್ಪತ್ರೆಗೆ ಒಯ್ಯಬೇಕೆಂದು ಮುಂಚಿತವಾಗಿ ವಿಚಾರಿಸಿದವರು, ನಾನು ಕಾರ್ಯದರ್ಶಿಯಾದಂದಿನಿಂದ ಒಬ್ಬರೂ ಇಲ್ಲ. ಕಚ್ಚಿದಾಗ ನೋಡಿಕೊಂಡರಾಯಿತು ಎಂಬುದು ನಮ್ಮ ಧೋರಣೆ. ನಾನೂ ಇದಕ್ಕೆ ಹೊರತಲ್ಲ.

ಕೆಲವು ವರ್ಷಗಳ ಹಿಂದೆ ನನ್ನ ತೋಟದಲ್ಲಿ ಉದುರಡಿಕೆ ಹೆಕ್ಕುತ್ತಿದ್ದ ಹೆಂಗಸೊಬ್ಬಳಿಗೆ ಮುಸ್ಸಂಜೆ ಹೊತ್ತಿಗೆ ಹಾವು ಕಚ್ಚಿತು. ವಿಜ್ಞಾನ ಪದವೀಧರನಾದ ನಾನು ಮಾಡಿದ್ದಿಷ್ಟು: ಪಂಚೆ ಹರಿದು ಕಾಲಿಗೆ ಬಿಗಿಯಾಗಿ ಕಟ್ಟಿದೆ, ಹಾವನ್ನು ಹುಡುಕಲು ನಾಲ್ವರನ್ನು ಪೊದೆಗೆ ಅಟ್ಟಿದೆ, ಆಮೇಲೆ ಅವಳ ಮನೆಯವರ ಮಾತಿಗೆ ನಾಟಿ ವೈದ್ಯರಲ್ಲಿಗೆ ಜೀಪು ತಿರುಗಿಸಿದೆ. ಹತ್ತಿರದ ಆಸ್ಪತ್ರೆ ಮುಟ್ಟುವಾಗ ಎರಡೂವರೆ ಗಂಟೆ ಕಳೆದಿತ್ತು. ಅಲ್ಲಿ ಔಷಧ ದಾಸ್ತಾನಿರಲಿಲ್ಲ. ಹೊರಡುವ ಮೊದಲೇ ಫೋನು ಮಾಡಿ ಕೇಳಬಹುದಿತ್ತೆಂದು ನನಗೆ ಹೊಳೆದಿರಲಿಲ್ಲ.

ಮುಂದಿನ ಪಟ್ಟಣದ ತುರ್ತು ಚಿಕಿತ್ಸಾ ವಿಭಾಗದ ವೈದ್ಯರು ಹಾವಿನ ಬಣ್ಣ ಕೇಳಲೇ ಇಲ್ಲ. ಮೊದಲು ಕಟ್ಟನ್ನು ಬಿಚ್ಚಿಸಿದರು, ಅದೂ ಎಚ್ಚರಿಕೆಯಿಂದ. ಒಣ ಗಾಜಿನ ಕೊಳವೆಯಲ್ಲಿ ಸ್ವಲ್ಪ ರಕ್ತ ಹಿಡಿದು, ಅಲುಗಾಡಿಸದೆ 20 ನಿಮಿಷ ಇಟ್ಟು, ಆಮೇಲೆ ಓರೆ ಮಾಡಿದರು. ರಕ್ತ ಹೆಪ್ಪುಗಟ್ಟದೆ ನೀರಿನಂತೆ ಹರಿಯಿತು. ಮಂಡಲದ ವಿಷವೆಂದು ತಿಳಿಯಲು ಅಷ್ಟೇ ಸಾಕಾಯಿತು. ನಾನು ಪೊದೆ ಬಡಿಸಿ ಕಳೆದ ಹೊತ್ತು ಶುದ್ಧ ದಂಡ. ಅವಳ ಜೀವ ಉಳಿಯಿತು. ಆದರೆ ಮೂತ್ರಪಿಂಡಗಳಿಗೆ ಪೆಟ್ಟು ಬಿದ್ದು ವಾರಗಟ್ಟಲೆ ಡಯಾಲಿಸಿಸ್ ಆಯಿತು. ಈಗ ಅವಳಿಂದ ತೋಟದ ಕೆಲಸ ಆಗದು. ಇದರಲ್ಲಿ ಹಾವಿನ ಪಾಲೆಷ್ಟು, ನನ್ನ ಪಾಲೆಷ್ಟು ಎಂದು ಆಗಾಗ ಲೆಕ್ಕ ಹಾಕುತ್ತಿರುತ್ತೇನೆ.

ಕಟ್ಟುಹಾವಿನ ಸಂಗತಿ ಇನ್ನೊಂದು ಬಗೆ. ರಾತ್ರಿ ನೆಲದ ಮೇಲೆ ಮಲಗಿದವರಿಗೆ ಕಚ್ಚುತ್ತದೆ. ಎಷ್ಟೋ ಸಲ ನೋವಿಲ್ಲ, ಬಾವಿಲ್ಲ. ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಜೋಲುವುದು, ಮಾತು ತೊದಲುವುದು. ಉಸಿರಾಟ ನಿಲ್ಲುವ ಸಂಭವವಿರುವುದರಿಂದ ಕೃತಕ ಉಸಿರಾಟದ ಯಂತ್ರವಿರುವ ಆಸ್ಪತ್ರೆಯೇ ಬೇಕು. ಲೈನು ಮನೆಗಳಲ್ಲಿ ಮಂಚ, ಸೊಳ್ಳೆಪರದೆ ಇವೆಯೇ ಎಂದು ಸದಸ್ಯರು ಒಮ್ಮೆ ಇಣುಕಿ ನೋಡಬೇಕು.

ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕಾಗಿ ನಮ್ಮ ದೇಶದ ಚುಚ್ಚುಮದ್ದು ತಯಾರಾಗುತ್ತದೆ. ನಮ್ಮ ಕಾಫಿ ಗಿಡಗಳ ನಡುವಿನ ಗುಳಿಮಂಡಲಗಳಿಗೆ ಅದು ನಾಟುವುದಿಲ್ಲ. ಹಾಗೆಂದು ಆಸ್ಪತ್ರೆ ಬೇಡವೆಂದಲ್ಲ. ರಕ್ತಸ್ರಾವ, ಮೂತ್ರಪಿಂಡಗಳ ಮೇಲೆ ನಿಗಾ ಇಡಲು ಅಲ್ಲಿಗೇ ಹೋಗಬೇಕು.

ಪೊಲೀಸು ಕೇಸೆಂದು ತುರ್ತು ಚಿಕಿತ್ಸೆ ತಡೆಹಿಡಿಯುವಂತಿಲ್ಲವೆಂದು ಸುಪ್ರೀಂ ಕೋರ್ಟು 1989ರಲ್ಲೇ ಹೇಳಿದೆ. ನಮ್ಮ ರಾಜ್ಯ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ವರದಿ ಮಾಡಲೇಬೇಕಾದ ಪ್ರಕರಣವೆಂದು ಘೋಷಿಸಿತು. ಸರ್ಕಾರದ ಕೆಲಸ ಸರ್ಕಾರ ಮಾಡಲಿ. 108ಕ್ಕೆ ಕರೆ ಮಾಡಲು ಸಿಗ್ನಲ್ ಹುಡುಕಿ ಗುಡ್ಡ ಹತ್ತಬೇಕಾದ ತೋಟಗಳು ನಮ್ಮಲ್ಲಿವೆ. ಅಲ್ಲಿ ಯಾರ ಜೀಪು ಹೊರಡಬೇಕೆಂದು ನಾವೇ ಮೊದಲು ಗೊತ್ತುಮಾಡಿಕೊಳ್ಳಬೇಕಲ್ಲವೇ?

ಪ್ರತಿ ಮಳೆಗಾಲಕ್ಕೆ ಮುಂಚೆ ಸಂಘವೇ ಆಸ್ಪತ್ರೆಗಳಿಗೆ ಫೋನು ಮಾಡಿ, ಔಷಧವೂ ಉಸಿರಾಟದ ಯಂತ್ರವೂ ಎಲ್ಲಿವೆ ಎಂಬ ಪಟ್ಟಿಯನ್ನು ಪ್ರತಿ ತೋಟಕ್ಕೆ ತಲುಪಿಸಬೇಕು. ಗಂಬೂಟು, ಟಾರ್ಚುಗಳನ್ನು ಅಸಲು ಬೆಲೆಗೆ ಕೊಡಬೇಕು. ಕೆಲಸದವರು ಬೂಟು ಹಾಕುವುದಿಲ್ಲ ಎಂದು ಹಿರಿಯ ಸದಸ್ಯರೊಬ್ಬರು ಆಕ್ಷೇಪಿಸಿದರು. ನಾವು ಕೊಡಿಸಿದ್ದಾದರೂ ಯಾವಾಗ? ಸ್ಪ್ರೇಯರಿಗೆ ಸಬ್ಸಿಡಿ ಕೇಳಲು ನಮಗೆ ಸಂಕೋಚವಿಲ್ಲ. ಬೂಟಿನ ಖರ್ಚು ಮಾತ್ರ ದುಬಾರಿಯಾಗಿ ಕಾಣುತ್ತದೆ.

ಮಹಾಸಭೆಯಲ್ಲಿ ಈ ಠರಾವನ್ನು ಮಂಡಿಸಲಿದ್ದೇನೆ. ಅದಕ್ಕೆ ಮೊದಲು ಬೂಟಿನ ಅಳತೆಗಳನ್ನು ಕಚೇರಿಗೆ ಬರೆದು ಕಳುಹಿಸಬೇಕಾಗಿ ವಿನಂತಿ. ಹೆಂಗಸರ ಅಳತೆಯನ್ನು ದಯವಿಟ್ಟು ಮರೆಯಬೇಡಿ.